ಒಂದು ಬಕೆಟ್ ನೇರಳೆ

ಹೊರಗೆ ನಾಲ್ಕು ಜನ ನಂಬುವ ವಿದ್ಯೆಯನ್ನು ಮನೆಯೊಳಗೆ ತೋರಿಸಲು ಹೋಗಬಾರದು. ಇದು ನನಗೆ ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು; ಬೇರೆಯವರಿಗೆ ಇನ್ನೂ ಮೊದಲೇ ತಿಳಿದಿರುತ್ತದೆ. ನನ್ನ ಪರಿಚಯದ ಒಬ್ಬ ಡಾಕ್ಟರು ತಮ್ಮ ಮಕ್ಕಳಿಗೆ ಕೆಮ್ಮು ಬಂದರೆ ಬೇರೆ ಡಾಕ್ಟರ ಬಳಿ ಕಳಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರರೊಬ್ಬರಿದ್ದಾರೆ. ಅವರ ಮನೆಯ ಟ್ಯೂಬ್‌ಲೈಟ್ ಹೋದರೆ ಸರಿಮಾಡಲು ಹೊರಗಿನವರು ಬರುತ್ತಾರೆ. ನಾನು ಇವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ನಾನು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಮಿಸ್ಟ್. ಬೆಳಿಗ್ಗೆ ಮಿಯಾಪುರದಲ್ಲಿ ಕಂಪನಿಯ ಬಸ್ಸು ಹತ್ತಿ ಹೋಗಿ, ಸಂಜೆಯವರೆಗೆ ಮಾತ್ರೆಗಳನ್ನು ಅನುಮಾನದಿಂದ ನೋಡುತ್ತ ಕೂರುವುದು ನನ್ನ ಉದ್ಯೋಗ. ಡಬ್ಬಿಯ ಮೇಲೆ ಏನು ಬರೆದಿದೆಯೋ ಅದೇ ಡಬ್ಬಿಯೊಳಗೂ ಇದೆ ಎಂದು ನಾನು ಮೂವತ್ತು ವರ್ಷಗಳಲ್ಲಿ ಒಂದು ದಿನವೂ ನಂಬಿಲ್ಲ. ನಂಬದೆ ಇರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಏನಾದರೂ ಎಡವಟ್ಟಾದರೆ ಅದು ಯಾಕಾಯಿತು, ಹೇಗಾಯಿತು ಎಂದು ವರದಿ ಬರೆದು ಸಹಿ ಹಾಕುವವನೂ ನಾನೇ.

ಮನೆಯಲ್ಲಿ ಈ ವಿದ್ಯೆಗೆ ಸಿಗುವ ಮರ್ಯಾದೆ ಬೇರೆ. ಹಾಲು ಕೆಟ್ಟಿಲ್ಲ ಎಂದು ನಾನು ಹೇಳಿದರೆ ನನ್ನ ಹೆಂಡತಿ ಗಿರಿಜಾ ಮತ್ತೊಮ್ಮೆ ತಾನೇ ಮೂಸಿ ನೋಡುತ್ತಾಳೆ. ಅವ್ವನಿಗೆ ಎಂಬತ್ತು ದಾಟಿದೆ. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ "ಗುಳಿಗಿ ಎಣಸತಾನ" ಎಂದು ಹೇಳುತ್ತಾಳೆ. ಬೀಗರೆಲ್ಲ ನನ್ನನ್ನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನೆಂದೇ ತಿಳಿದಿದ್ದಾರೆ. ಇದನ್ನು ತಿದ್ದಬೇಕೆಂದು ಒಮ್ಮೆ ಒಂದು ಮದುವೆಯಲ್ಲಿ ನನ್ನ ಕೆಲಸದ ಸ್ವರೂಪವನ್ನು ವಿವರವಾಗಿ ಹೇಳಿದೆ. ಕೇಳುತ್ತಿದ್ದವರು ಕೊನೆಗೆ, ತಮ್ಮ ಮೊಣಕಾಲು ನೋವಿಗೆ ಯಾವ ಗುಳಿಗೆ ಒಳ್ಳೆಯದು ಎಂದು ಕೇಳಿದರು.

ಅದೇ ಮದುವೆಯಲ್ಲಿ ಇನ್ನೊಂದು ಘಟನೆಯೂ ನಡೆಯಿತು, ಈ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಗಿರಿಜಾ ಅಂದು ಒಂದು ಬಿಳಿ ಹತ್ತಿ ಸೀರೆ ಉಟ್ಟಿದ್ದಳು. ಮನೆಯಲ್ಲಿ ನೆರೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದ ಮೊದಲ ಗಳಿಕೆಯಲ್ಲಿ ತಾನೇ ಹೋಗಿ ತಾನೇ ಆರಿಸಿ ತಂದದ್ದು ಅದು. ನಾನು ಕೊಡಿಸಿದ ಸೀರೆಗಳನ್ನು ಅವಳು ಉಡುತ್ತಾಳೆ, ಅಷ್ಟೇ. ಆ ಸೀರೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ನನ್ನ ಉದ್ಯೋಗದ ಮಹತ್ವವನ್ನು ಕೈಸನ್ನೆ ಸಮೇತ ವಿವರಿಸುವಾಗ ಅರ್ಧ ಕಪ್ಪು ಅವಳ ಮಡಿಲಿಗೆ ಬಿತ್ತು. ಅವಳು ಒಂದು ಕ್ಷಣ ಸೀರೆ ನೋಡಿದಳು, ಒಂದು ಕ್ಷಣ ನನ್ನನ್ನು ನೋಡಿದಳು. "ಇರಲಿ ಬಿಡ್ರಿ" ಎಂದಳು. ಅಷ್ಟೇ. ಕಲೆ ಯಾವ ಸಾಬೂನಿಗೂ ಹೋಗಲಿಲ್ಲ, ಸೀರೆ ಕಪಾಟು ಸೇರಿತು, ಒಂಬತ್ತು ವರ್ಷ ಅಲ್ಲೇ ಇತ್ತು. ಅವಳು ಬೈದಿದ್ದರೆ ನಾನು ಅದನ್ನು ಯಾವತ್ತೋ ಮರೆತುಬಿಡುತ್ತಿದ್ದೆ. "ಇರಲಿ ಬಿಡ್ರಿ" ಎಂಬ ಎರಡು ಮಾತನ್ನು ಮರೆಯುವುದು ಆಗಲಿಲ್ಲ.

ಇನ್ನು ಬತುಕಮ್ಮನ ವಿಷಯ, ಅಂದರೆ ಈ ತೆಲುಗು ನಾಡಿನ ಹೂವಿನ ಹಬ್ಬದ ವಿಷಯ. ದಸರೆಗೆ ಮುಂಚೆ ಬರುವ ಆ ಒಂಬತ್ತು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ತಾಂಬಾಳದಲ್ಲಿ ಹೂವನ್ನು ಸುತ್ತುಸುತ್ತಾಗಿ ಗೋಪುರದಂತೆ ಪೇರಿಸಿ, ತುದಿಯಲ್ಲಿ ಅರಿಶಿನದ ಪುಟ್ಟ ಗೌರಮ್ಮನನ್ನಿಟ್ಟು, ಅವನ್ನೆಲ್ಲ ಅಂಗಳದ ನಡುವೆ ಇಳಿಸಿ, ಸುತ್ತ ಚಪ್ಪಾಳೆ ತಟ್ಟುತ್ತ ಹಾಡುತ್ತ ತಿರುಗುತ್ತಾರೆ. ಗಿರಿಜಾ ಹದಿನಾಲ್ಕು ವರ್ಷ ಆ ಸುತ್ತಿನ ಹೊರಗೆ ನಿಂತಿದ್ದಳು. ಯಾರೂ ಬೇಡ ಎಂದಿರಲಿಲ್ಲ. ಹಾಡು ಬರುವುದಿಲ್ಲವೆಂದು ಇವಳೇ ಹಿಂದೆ ಸರಿಯುತ್ತಿದ್ದಳು. ಒಳಗೆ ಆಡುವವರ ಫೋನು, ಪರ್ಸು, ನಿದ್ದೆಗೆ ಬಿದ್ದ ಕೂಸುಗಳನ್ನು ಹಿಡಿದುಕೊಳ್ಳುವುದು ಅವಳ ಪಾಲಿನ ಹಬ್ಬವಾಗಿತ್ತು. ಈ ವರ್ಷ ಎದುರುಮನೆಯ ಪದ್ಮಕ್ಕ ಪಟ್ಟು ಹಿಡಿದು, ಎರಡು ತಿಂಗಳು ದಿನಾ ಮಧ್ಯಾಹ್ನ ಕೂರಿಸಿಕೊಂಡು ಹಾಡು ಕಲಿಸಿದರು. ಕೊನೆಯ ದಿನದ ದೊಡ್ಡ ಬತುಕಮ್ಮನಿಗೆ ಒಂದು ಹಾಡನ್ನು ಗಿರಿಜಾಳೇ ಎತ್ತಿಕೊಡಬೇಕು, ಉಳಿದವರು ಅವಳ ಹಿಂದೆ ಹೇಳಬೇಕು ಎಂದು ತೀರ್ಮಾನವಾಯಿತು. ಅಂದು ಎಲ್ಲರೂ ನೇರಳೆ ಬಣ್ಣದ ಸೀರೆ ಉಡಬೇಕೆಂದೂ ತೀರ್ಮಾನವಾಯಿತು. ಗಿರಿಜಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ತಾಳಕ್ಕೆ ತೆಲುಗು ಹಾಡು ಹಾಡಿಕೊಳ್ಳತೊಡಗಿದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಅಂಗಡಿಗೆ ಹೋಗಿ ಒಂದು ನೇರಳೆ ಸೀರೆ ತರೋಣ ಎಂದು ನಾನು ಅಂದಿದ್ದರೆ ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಗಿರಿಜಾ ಕಪಾಟಿನಿಂದ ಆ ಬಿಳಿ ಸೀರೆ ತೆಗೆದು ಮಂಚದ ಮೇಲೆ ಹರವಿ ಕೂತಿದ್ದಳು.

"ಇದನ್ನ ಉಡಬೇಕಂತ ಮನಸಾಗೈತ್ರಿ" ಎಂದಳು. "ಯಾರ ಕಡಿಂದರೆ ಬಣ್ಣಾ ಹಾಕಸಿದ್ರ ಕಲಿ ಮುಚ್ಚತೈತಿ. ನೋಡೂಣು."

"ಯಾರ ಕಡಿಂದರೆ ಯಾಕ? ನಾ ಹಾಕ್ತೀನಿ" ಎಂದೆ.

ಬಾಗಿಲಲ್ಲಿ ನಿಂತಿದ್ದ ಅವ್ವ, "ಇರೋ ಒಂದು ಕಲಿ ಸಾಲದನ ತಮ್ಮಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದಳು.

ಗಿರಿಜಾ ಮಾತ್ರ ತಾಳ್ಮೆಯಿಂದ ಹೇಳಿದಳು. ಅವಳ ತವರು ಇಳಕಲ್. "ನಮ್ಮ ಓಣ್ಯಾಗ ನೂಲಿಗೆ ಬಣ್ಣಾ ಹಾಕೋರು ಇದ್ದರು. ಅವರು ಮೊದಲ ಒಂದೀಟು ನೂಲು ಅದ್ದಿ, ಒಣಗಿಸಿ ನೋಡತಿದ್ದರು. ಆಮ್ಯಾಲೆ ಹತ್ತು ನೀರಿನ್ಯಾಗ ತೊಳೀತಿದ್ದರು. ನೀವೂ ಹಂಗ ಮಾಡ್ರಿ." ಅದು ಗೃಹ ಕೈಗಾರಿಕೆ, ಇದು ರಸಾಯನಶಾಸ್ತ್ರ ಎಂದು ನಾನು ವಿವರಿಸಿದೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಕೆಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಬಣ್ಣಕ್ಕೂ ನಮ್ಮ ವಂಶಕ್ಕೂ ಹಳೆಯ ಹಗೆತನವಿದೆ ಎಂಬುದು ಆಗ ನೆನಪಾಗಬೇಕಿತ್ತು. ನಾವು ತಾರ್ನಾಕದ ಬಾಡಿಗೆ ಮನೆಯಲ್ಲಿದ್ದಾಗ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬಿಳಿ ಅಂಗಿ, ಬಿಳಿ ಧೋತರ. ಭಾನುವಾರ ಆ ಬಟ್ಟೆಗಳಿಗೆ ನೀಲಿ ಹಾಕುವ ಕೆಲಸವನ್ನು ಅವ್ವನಿಗೆ ಬಿಡದೆ ತಾವೇ ಮಾಡುತ್ತಿದ್ದರು. ಒಂದು ಚಿಟಿಕೆ ಸಾಕಾಗುವಲ್ಲಿ ಅವರು ಮೂರು ಚಿಟಿಕೆ ಹಾಕುವರು, ಕಡಿಮೆಯಾಯಿತೇನೋ ಎಂದು ಮತ್ತೊಂದು ಸೇರಿಸುವರು. ಸೋಮವಾರ ಬೆಳಿಗ್ಗೆ ಅವರು ತಿಳಿಯಾದ ಆಕಾಶದ ಬಣ್ಣದಲ್ಲಿ ಬಸ್ಸಿಗೆ ಹೊರಡುತ್ತಿದ್ದರು. ಕಚೇರಿಯಲ್ಲಿ ಯಾರೋ ಒಮ್ಮೆ ನಿಮ್ಮ ಅಂಗಿಯ ನೀಲಿ ಚೆನ್ನಾಗಿದೆ ಎಂದು ಹೊಗಳಿದರಂತೆ. ಅಪ್ಪ ಮನೆಗೆ ಬಂದು, "ಅವಗ ಕಣ್ಣು ಕಾಣೂದಿಲ್ಲ, ಬಿಳಿ ಅಂಗಿಗೆ ನೀಲಿ ಅಂತಾನ" ಎಂದು ಬೇಸರಪಟ್ಟುಕೊಂಡಿದ್ದರು. ಅಪ್ಪನನ್ನು ನೆನೆದು ನಾನು ನಕ್ಕೆ. ಅವರಿಗೆ ಅಳತೆ ತಿಳಿಯದು, ನನಗೆ ತಿಳಿಯುತ್ತದೆ ಎಂಬ ಧೈರ್ಯ.

ಹಬ್ಬ ಸೋಮವಾರ. ಭಾನುವಾರ ಬೆಳಿಗ್ಗೆ ನಾನು ಬಣ್ಣದ ಪೊಟ್ಟಣಗಳೊಂದಿಗೆ ತಯಾರಾದೆ. ಕಾರ್ಖಾನೆಯ ಪದ್ಧತಿಯಂತೆ ಒಂದು ಹಾಳೆಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಮುನ್ನೆಚ್ಚರಿಕೆ ಎಂದು ಬರೆದು ಅದನ್ನು ಬಚ್ಚಲಮನೆಯ ಬಾಗಿಲಿಗೆ ಅಂಟಿಸಿದೆ. ಮೊದಲ ತೊಡಕು ಪಾತ್ರೆಯದು. ದೊಡ್ಡ ಬೋಗಾಣಿಗೆ ಕೈ ಹಾಕಿದೆ. ಅದರಲ್ಲಿ ಹೋಳಿಗೆಯ ಹೂರಣ ಕುದಿಸುತ್ತಾರೆ, ಬಿಡು ಎಂದಳು ಅವ್ವ. ಕುಕ್ಕರು ಕೇಳಿದೆ, ಗಿರಿಜಾ ಅದನ್ನು ಎತ್ತಿ ಒಳಗಿಟ್ಟಳು. ಕೊನೆಗೆ ನನ್ನ ಸ್ನಾನದ ಬಕೆಟ್ಟನ್ನು ನಾನೇ ಬಲಿ ಕೊಟ್ಟೆ. ಸೀರೆ ತೂಗಲು ಅಡುಗೆಮನೆಯ ತಕ್ಕಡಿ ಸಿಗಲಿಲ್ಲ; ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ಕೊಕ್ಕೆಗೆ ಸೀರೆಯನ್ನು ನೇತುಹಾಕಿ ತೂಕ ಬರೆದುಕೊಂಡೆ. ಆ ತೂಕಕ್ಕೆ ಇಷ್ಟು ಬಣ್ಣ, ಇಷ್ಟು ಉಪ್ಪು, ಬಣ್ಣ ಗಟ್ಟಿಯಾಗಿ ಹಿಡಿಯಲು ಇಷ್ಟು ವಾಷಿಂಗ್ ಸೋಡಾ ಎಂದು ದಶಮಾಂಶ ಬಿಂದುವಿನ ನಂತರ ಎರಡು ಅಂಕಿಯವರೆಗೆ ಲೆಕ್ಕ ಹಾಕಿದೆ. ಲೆಕ್ಕದ ಪ್ರಕಾರ ಮನೆಯ ಉಪ್ಪಿನ ಡಬ್ಬಿ ಪೂರ್ತಿ ಬೇಕಾಯಿತು. ಅಂದಿನ ಸಾರು ಸಪ್ಪೆಯಾಗಿತ್ತು. ಅವ್ವ ಅದನ್ನು ಮೂರು ಬಾರಿ ಹೇಳಿದಳು.

ಒಂದು ಗಂಟೆ ಕಾಲ ಕಲಕುತ್ತಲೇ ಇರಬೇಕೆಂದು ಪೊಟ್ಟಣದ ಮೇಲಿತ್ತು. ಪರದೆ ಕಟ್ಟುವ ಕೊಳವೆಯೊಂದನ್ನು ಬಿಚ್ಚಿಕೊಂಡು, ಸಣ್ಣ ಸ್ಟೂಲಿನ ಮೇಲೆ ಕೂತು ಕಲಕಿದೆ. ಬಕೆಟ್ಟಿನ ನೀರು ಕಪ್ಪಾಗುವಷ್ಟು ಗಾಢ ನೇರಳೆಯಾಗಿತ್ತು. ಅದನ್ನು ನೋಡುತ್ತ ನನಗೆ ಒಂಬತ್ತು ವರ್ಷದ ಭಾರ ಇಳಿಯುತ್ತಿರುವಂತೆ ಅನ್ನಿಸಿತು. ಸೀರೆ ಎಲ್ಲಿ ಮಡಿಕೆಯಾಗುತ್ತದೋ ಎಂಬ ಕಳವಳಕ್ಕೆ ಕೊಳವೆ ಬಿಟ್ಟು ಎರಡೂ ಕೈ ಇಳಿಸಿದೆ. ಕಾರ್ಖಾನೆಯಲ್ಲಿ ಒಂದು ಚಮಚ ಸಕ್ಕರೆ ಮುಟ್ಟಬೇಕಾದರೂ ಎರಡು ಜೊತೆ ಗ್ಲೌಸ್ ಹಾಕುವ ಮನುಷ್ಯ ನಾನು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ, ಮುನ್ನೆಚ್ಚರಿಕೆ ಎಂಬಲ್ಲಿ, ಗ್ಲೌಸ್ ಧರಿಸತಕ್ಕದ್ದು ಎಂದು ನನ್ನ ಕೈಬರಹದಲ್ಲೇ ಇತ್ತು.

ಸೀರೆ ಹೊರತೆಗೆದು ಜಾಲಿಸಿದೆ. ಮೊದಲ ನೀರಿಗೆ ಬಣ್ಣ ಹರಿದು ಹೋಯಿತು. ಎರಡನೆಯ ನೀರಿಗೂ ಹೋಯಿತು. ನಾನು ಅಷ್ಟು ಕಷ್ಟಪಟ್ಟು ಹಾಕಿದ ಬಣ್ಣ ಕಣ್ಣೆದುರೇ ಮೋರಿಯ ಜಾಲರಿಯಲ್ಲಿ ಇಳಿದು ಹೋಗುವುದನ್ನು ನೋಡಲು ನನ್ನ ಕೈಲಾಗಲಿಲ್ಲ. ನೀರು ತಿಳಿಯಾಗುವವರೆಗೆ ತೊಳೆಯಬೇಕು ಎಂದು ಪೊಟ್ಟಣ ಹೇಳುತ್ತಿತ್ತು, ಹತ್ತು ನೀರು ಎಂದು ಇಳಕಲ್ಲಿನವಳು ಹೇಳಿದ್ದಳು. ನಾನು ಎರಡಕ್ಕೆ ನಿಲ್ಲಿಸಿಬಿಟ್ಟೆ. ಸೋಡಾ ಸೀರೆಯೊಳಗೇ ಉಳಿಯಿತು.

ಬಾಲ್ಕನಿಯ ಬಿಸಿಲಿಗೆ ಹರವಿದಾಗ ಬಣ್ಣದ ನಿಜಸ್ಥಿತಿ ಗೊತ್ತಾಯಿತು. ಚಹಾದ ಕಲೆ ಪೂರ್ತಿ ಮಾಯವಾಗಿತ್ತು, ಹುಡುಕಿದರೂ ಸಿಗದು. ಆದರೆ ಬಕೆಟ್ಟಿನಲ್ಲಿದ್ದ ನೇರಳೆ ಸೀರೆಗೆ ಬಂದಿರಲಿಲ್ಲ. ಬದನೆಕಾಯಿಯನ್ನು ಬೇಯಿಸಿದ ಮೇಲೆ ಉಳಿಯುತ್ತದಲ್ಲ, ಆ ತರಹದ ಒಂದು ತೆಳು ಬಣ್ಣ. ಯೋಚಿಸಿ ನೋಡಿದರೆ ಕಾರಣ ಸರಳ. ಶುದ್ಧ ಹತ್ತಿ ಎಂದು ಅಂಗಡಿಯವನು ಹೇಳಿದ್ದ, ಒಳಗೆ ಅರ್ಧ ಪಾಲಿಯೆಸ್ಟರ್ ಇತ್ತು. ಪಾಲಿಯೆಸ್ಟರಿಗೆ ಈ ಬಣ್ಣ ಹತ್ತುವುದಿಲ್ಲ. ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಒಂದೀಟು ಅದ್ದಿ ನೋಡ್ರಿ ಎಂದು ಹೇಳಿದ್ದವಳು ಪಕ್ಕದಲ್ಲೇ ನಿಂತು ಸೀರೆಯನ್ನು ನೋಡುತ್ತಿದ್ದಳು. ಪುಣ್ಯಕ್ಕೆ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಪದ್ಮಕ್ಕ ಬಂದರು. ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಕೈಗಳನ್ನೂ ನೋಡಿ, ಅಪ್ಪಟ ನೇರಳೆ ಎಲ್ಲಿದೆ ಎಂಬುದನ್ನು ಅರ್ಥಮಾಡಿಕೊಂಡರು. "ಲ್ಯಾವೆಂಡರ್ ಅಂದಾಂ ಲೇ ವದಿನಾ" ಎಂದು ಗಿರಿಜಾಳ ಭುಜ ತಟ್ಟಿದರು. ಲ್ಯಾವೆಂಡರ್ ಎಂದುಬಿಡೋಣ ಅತ್ತಿಗೆ, ಯಾರು ಕೇಳುತ್ತಾರೆ. ಆಮೇಲೆ ಬಚ್ಚಲಿಗೆ ಇಣುಕಿ, ಬಕೆಟ್ಟಿನಲ್ಲಿ ಉಳಿದ ಬಣ್ಣ ಕಂಡು ಅವರ ಮುಖ ಅರಳಿತು. ಬತುಕಮ್ಮನಿಗೆ ಗುನುಗು ಎಂಬ ಹೂವು ಬೇಕು. ಬಿಳಿಯದು, ಸಣ್ಣ ಕುಂಚದ ಹಾಗೆ ಇರುತ್ತದೆ. ಅದನ್ನು ಕಟ್ಟು ಕಟ್ಟಾಗಿ ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುವುದು ಇಲ್ಲಿನ ರೂಢಿ. "ಚೆಲ್ಲಬೇಡಿ ಅಣ್ಣಾ" ಎಂದು ತೆಲುಗಿನಲ್ಲಿ ಹೇಳಿ, ಹೋಗಿ ಎರಡು ಚೀಲ ಗುನುಗು ತಂದರು. ಅದ್ದಿದ್ದೇ ತಡ ಹೂವಿಗೆ ನೇರಳೆ ಎಂಥದು ಬಂತೆಂದರೆ, ಅದನ್ನು ನೋಡಿ ಸೀರೆ ನಾಚಿಕೊಳ್ಳಬೇಕು. ಒಂದು ಚೀಲ ಅವರು ಒಯ್ದರು, ಒಂದು ಗಿರಿಜಾಳಿಗೆ ಬಿಟ್ಟರು. ಇದರಿಂದಾದರೂ ನನಗೆ ಸ್ವಲ್ಪ ಸಮಾಧಾನವಾಯಿತು.

ಸಮಾಧಾನ ಮಧ್ಯಾಹ್ನದ ನಿದ್ದೆಯವರೆಗೆ ಉಳಿಯಿತು. ಎದ್ದು ಬಾಲ್ಕನಿಗೆ ಬಂದರೆ ಗಿರಿಜಾ ಸೆರಗಿನ ತುದಿ ಕೈಯಲ್ಲಿ ಹಿಡಿದು ನಿಂತಿದ್ದಳು. ಸೆರಗಿನ ಎರಡೂ ಮೂಲೆಗೆ ಅಂಗೈ ಅಗಲದ ಕೆಂಪು. ಸಣ್ಣ ಕೆಂಪಲ್ಲ, ಏನೋ ಅನಾಹುತ ನಡೆದಂತಹ ಕೆಂಪು. ಅವ್ವ ಪಕ್ಕದಲ್ಲಿ ಅರಿಶಿನದ ಬಟ್ಟಲು ಹಿಡಿದುಕೊಂಡು, ತಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ನಿಂತಿದ್ದಳು.

ನಮ್ಮ ಮನೆಯಲ್ಲಿ ಹೊಸ ಬಟ್ಟೆಗೆ ಮೂಲೆಯಲ್ಲಿ ಅರಿಶಿನ ಹಚ್ಚದೆ ಮೈಮೇಲೆ ಹಾಕಿಕೊಳ್ಳುವ ಪದ್ಧತಿ ಇಲ್ಲ. ನನ್ನ ಕಾರ್ಖಾನೆಯ ಬಿಳಿ ಕೋಟುಗಳಿಗೂ ಕಾಲರಿನ ಒಳಗೆ ಅವ್ವನ ಹಳದಿ ಬೊಟ್ಟಿದೆ; ಒಮ್ಮೆ ತಪಾಸಣೆಗೆ ಬಂದವರು ಅದೇನು ಕಲ್ಮಶ ಎಂದು ಕೇಳಿದ್ದರು, ನಾನು ಲಿಖಿತ ವಿವರಣೆ ಕೊಡಬೇಕಾಯಿತು. ಬಣ್ಣ ಬದಲಾದ ಸೀರೆ ಹೊಸದೋ ಹಳೆಯದೋ ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವ್ವನಿಗೆ ಹೊಳೆದಿತ್ತು.

"ಬಣ್ಣಾ ಹೊಸಾದು ಅಂದ ಮ್ಯಾಲೆ ಸೀರೀನೂ ಹೊಸಾದಲ್ಲೇನೋ" ಎಂದಳು. "ನಾಳಿ ಹಬ್ಬಕ್ಕ ಉಡಾಕಿ, ಒಳ್ಳೇದಾಗಲಂತ ನಾಕು ಬೆರಳಿಲೆ ತೇದು ಹಚ್ಚೇನಿ. ಹಳದಿನ ಹಚ್ಚೇನಿ. ಕೆಂಪು ಹೆಂಗಾತು ನನಗ ಗೊತ್ತಿಲ್ಲವಾ."

ಕೆಂಪು ಹೆಂಗಾತು ಎಂದು ಗೊತ್ತಿದ್ದವನು ನಾನೊಬ್ಬ. ಅರಿಶಿನಕ್ಕೆ ಸೋಡಾ ತಗುಲಿದರೆ ಕೆಂಪಾಗುತ್ತದೆ. ಕುಂಕುಮ ಮಾಡುವುದೂ ಹೀಗೆಯೇ, ಸೋಡಾದ ಬದಲು ಸುಣ್ಣ ಹಾಕಿ. ಇದನ್ನು ನಾನು ಅಲ್ಲಿಯೇ ನಿಂತು ಕ್ಷಾರ, ಆಮ್ಲ, ಸೂಚಕ ಎಂಬ ಶಬ್ದಗಳ ಸಹಿತ ವಿವರಿಸಿದೆ. ಸೀರೆಯಲ್ಲಿ ಸೋಡಾ ಯಾಕೆ ಉಳಿಯಿತು ಎಂಬ ಭಾಗ ಬಂದಾಗ ವಿವರಣೆಯನ್ನು ಸ್ವಲ್ಪ ಮೊಟಕುಗೊಳಿಸಿದೆ. ನಿಂಬೆರಸ ಹಚ್ಚಿದರೆ ಕೆಂಪು ತಿರುಗಿ ಹಳದಿಯಾಗುತ್ತದೆ, ತರಲೇನು ಎಂದು ಕೇಳಿದೆ.

"ಬ್ಯಾಡ್ರಿ" ಎಂದಳು ಗಿರಿಜಾ. "ಇನ್ನ ಇದಕ್ಕ ನೀವು ಏನೂ ಹಚ್ಚಬ್ಯಾಡ್ರಿ."

"ಹಂಗಾರ ಈಗ ಇನ್ನೊಂದು ಸೀರಿ ತರೂಣು ನಡಿ."

ಅವಳು ಸೆರಗನ್ನು ಮೆಲ್ಲಗೆ ಮಡಿಚಿದಳು. ಅವ್ವನ ಮುಖ ನೋಡಿದಳು. ಆ ಮುಖ ಅಳುವಂತಾಗಿತ್ತು. "ಇರಲಿ ಬಿಡ್ರಿ" ಎಂದಳು.

ಒಂಬತ್ತು ವರ್ಷದ ಹಿಂದಿನ ಅದೇ ಎರಡು ಮಾತು, ಅದೇ ದನಿ. ನನಗೆ ನಿಜವಾಗಿಯೂ ಸಂಕಟವಾಯಿತು. ಹದಿನಾಲ್ಕು ವರ್ಷ ಹೊರಗೆ ನಿಂತವಳು ಮೊದಲ ಸಲ ಒಳಗೆ ಹೋಗಿ ಹಾಡು ಎತ್ತಿಕೊಡುವ ದಿನ, ಬೆಂದ ಬದನೆಯ ಬಣ್ಣದ ಸೀರೆ ಉಟ್ಟು, ಸೆರಗಿನಲ್ಲಿ ಎರಡು ಕೆಂಪು ಕಲೆ ಹೊತ್ತು ನಿಲ್ಲಬೇಕು. ಚಪ್ಪಾಳೆ ತಟ್ಟಲು ಬಾಗಿದಾಗಲೆಲ್ಲ ಸೆರಗಿನ ತುದಿಯೇ ಮುಂದೆ ಬರುತ್ತದೆ. ನಾಳೆ ಮತ್ತೆ ಯಾರದೋ ಕೂಸು ಎತ್ತಿಕೊಂಡು ಹೊರಗೆ ನಿಂತುಬಿಡುತ್ತಾಳೆ ಎಂದು ನನಗೆ ಖಚಿತವಾಗಿತ್ತು. ತಪ್ಪಾಯಿತು ಎಂದು ಹೇಳಬೇಕೆಂದುಕೊಂಡೆ. ಹೇಳಲು ಬಾಯಿ ತೆರೆದರೆ ಪಾಲಿಯೆಸ್ಟರ್ ಬಗ್ಗೆ ಮಾತು ಬಂತು.

ಸೋಮವಾರ ಮಧ್ಯಾಹ್ನ ಗಿರಿಜಾ ಪಡಸಾಲೆಯಲ್ಲಿ ಕೂತು ಬತುಕಮ್ಮ ಪೇರಿಸುತ್ತಿದ್ದಳು. ಹಳದಿ ತಂಗಡಿ ಹೂವಿನ ಒಂದು ಸುತ್ತು, ನನ್ನ ನೇರಳೆ ಗುನುಗಿನ ಒಂದು ಸುತ್ತು, ಮತ್ತೆ ಚೆಂಡುಹೂವು. ತುದಿಗೆ ಬರುವ ಹೊತ್ತಿಗೆ ಪೂರ್ತಿ ಗುನುಗು. ನಾನು ನೇರಳೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಸಹಾಯ ಮಾಡಲು ಯಾರೂ ಕರೆಯಲಿಲ್ಲ. ಹೂವಿನ ಮೇಲೆ ನೀರು ಚಿಮುಕಿಸುತ್ತ ಅವಳು ಕೇಳಿದಳು:

"ಈ ಹೂವಿನ್ಯಾಗೂ ಸೋಡಾ ಇರತೈತೇನ್ರಿ?"

"ಇದ್ದ ಇರತೈತಿ. ಅದ ಬಕೆಟ್ಟಿನ್ಯಾಗ ಅದ್ದಿದ್ದಲ್ಲ?" ಎಂದೆ. ಕೈಗೆ ಉರಿಯಾಗುತ್ತದೆಂದು ಕೇಳುತ್ತಿದ್ದಾಳೆ ಎಂದುಕೊಂಡು, ಚರ್ಮದ ಮೇಲೆ ದುರ್ಬಲ ಕ್ಷಾರಗಳ ಪರಿಣಾಮದ ಬಗ್ಗೆ ಸ್ವಲ್ಪ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಅರಿಶಿನಕ್ಕೆ ನೀರು ಹಾಕಿ ಕಲಸಿ ಪುಟ್ಟ ಗೌರಮ್ಮನನ್ನು ಮಾಡುತ್ತಿದ್ದಳು.

ಸಂಜೆ ಅಂಗಳದಲ್ಲಿ ಹನ್ನೆರಡು ಬತುಕಮ್ಮಗಳು ಇಳಿದವು. ಗಂಡಸರು ಕಾರು ನಿಲ್ಲಿಸುವ ಜಾಗದ ಬದಿಗೆ ಕುರ್ಚಿ ಹಾಕಿಕೊಂಡಿದ್ದರು. ನಾನು ಕೈಗಳನ್ನು ಜೇಬಿನಲ್ಲಿಟ್ಟು, ಅವ್ವನ ಕುರ್ಚಿಯ ಹಿಂದೆ ನಿಂತೆ. ಸುತ್ತಲೂ ಗಾಢ ನೇರಳೆ ಸೀರೆಗಳು, ನಡುವೆ ತೆಳುವಾಗಿ ಗಿರಿಜಾ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ಸಿಕ್ಕಿಸಿರಲಿಲ್ಲ. ಎರಡು ಕೆಂಪು ಮೂಲೆಗಳು ಎಲ್ಲರಿಗೂ ಕಾಣುವಂತೆ ಹಾರಾಡುತ್ತಿದ್ದವು. ಇಬ್ಬರು ಹೆಂಗಸರು ಅದನ್ನು ನೋಡಿ ತಮ್ಮತಮ್ಮಲ್ಲೇ ಏನೋ ಅಂದುಕೊಂಡದ್ದನ್ನು ನಾನು ಕಂಡೆ. ಗಿರಿಜಾ ಹಾಡು ಎತ್ತಿದಳು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯ ಸಾಲಿಗೆ ಸ್ಥಿರವಾಯಿತು, ಮೂರನೆಯದಕ್ಕೆ ಇಡೀ ಸುತ್ತು ಅವಳ ಹಿಂದೆ ಹೇಳಿತು. ಇಳಕಲ್ಲಿನ ಹುಡುಗಿಯ ತೆಲುಗು ನನಗೆ ತುಂಬ ಚೆಂದ ಕೇಳಿಸಿತು.

ಮೂರು ಸುತ್ತು ಮುಗಿಯುವಷ್ಟರಲ್ಲಿ ಪದ್ಮಕ್ಕ ತಟ್ಟನೆ ನಿಂತರು. ಅವರ ಹಿಂದಿನವರು ಅವರಿಗೆ ತಾಗಿ ನಿಂತರು. ಪದ್ಮಕ್ಕ ಗಿರಿಜಾಳ ಬತುಕಮ್ಮನ ಕಡೆ ಬೊಟ್ಟು ಮಾಡಿ, "ಗೌರಮ್ಮನಿ ಚೂಡಂಡಿ" ಎಂದರು, ಗೌರಮ್ಮನನ್ನು ನೋಡಿ ಎಂದು. ಮಧ್ಯಾಹ್ನ ಹಳದಿಯಾಗಿದ್ದ ಗೌರಮ್ಮ ಪಾದದಿಂದ ನಡುವಿನವರೆಗೆ ಕೆಂಪಾಗಿದ್ದಳು. ಯಾರೂ ಮುಟ್ಟಿರಲಿಲ್ಲ, ಯಾರೂ ಕುಂಕುಮ ಹಚ್ಚಿರಲಿಲ್ಲ. ತಾನೇ ಕುಂಕುಮದ ಸೀರೆ ಉಟ್ಟುಕೊಂಡಳು ಎಂದರು ಪದ್ಮಕ್ಕ, ಕೈಮುಗಿದು. ಆಮೇಲೆ ಅವರ ಕಣ್ಣು ಗಿರಿಜಾಳ ಸೆರಗಿಗೆ ಹೋಯಿತು. ಅಲ್ಲಿಯೂ ಅದೇ ಕೆಂಪು, ಎರಡು ಮೂಲೆಯಲ್ಲಿ, ಅಚ್ಚು ಹೊಡೆದಂತೆ. ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದ ಇಬ್ಬರೂ ಮುಂದೆ ಬಂದು ಆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಗಿರಿಜಾಳ ಬತುಕಮ್ಮನನ್ನು ಎತ್ತಿ ನಡುಮಧ್ಯೆ ಇಟ್ಟರು, ಉಳಿದವು ಅದರ ಸುತ್ತ ಬಂದವು. ಅವ್ವ ಕುರ್ಚಿಯಿಂದಲೇ ಎಲ್ಲರಿಗೂ ಕೇಳುವಂತೆ, "ಸೆರಗಿಗೆ ಹಚ್ಚಿದಾಕಿ ನಾನ" ಎಂದಳು. ಅವಳ ಮುಖದಲ್ಲಿ ನಿನ್ನೆಯ ಅಳು ಇರಲಿಲ್ಲ.

ನನ್ನ ಸ್ಥಿತಿಯನ್ನು ನೀವು ಊಹಿಸಬೇಕು. ಎಡವಟ್ಟಿಗೆ ಕಾರಣ ಬರೆದು ಸಹಿ ಹಾಕುವುದೇ ವೃತ್ತಿಯಾದ ಮನುಷ್ಯ, ಕಾರಣ ನಾಲಿಗೆಯ ತುದಿಯಲ್ಲಿರುವಾಗ ಸುಮ್ಮನೆ ನಿಂತಿದ್ದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ. ಪ್ರತಿ ಸಲವೂ ಗಿರಿಜಾ ಸುತ್ತಿನ ಆಚೆಯಿಂದ ನನ್ನನ್ನು ನೋಡಿದಳು. ಬತುಕಮ್ಮಗಳು ರೂಢಿಯಂತೆ ಕೆರೆಯ ನೀರಿಗೆ ಹೋಗಿ, ಹೂವು ಬಿಡಿಬಿಡಿಯಾಗಿ ತೇಲಿ, ಗೌರಮ್ಮ ಕರಗಿದ ಮೇಲೆ ಪರೀಕ್ಷೆಗೆ ಮಾದರಿಯೂ ಉಳಿಯಲಿಲ್ಲ.

ಮನೆಗೆ ಬಂದ ಕೂಡಲೇ ನಾನು ತಡೆಯಲಾರದೆ ಹೇಳಿದೆ. "ಗಿರಿಜಾ, ಆ ಗೌರಮ್ಮ ಕೆಂಪಾಗಿದ್ದು ಹೆಂಗ ಗೊತ್ತೇನ? ಆ ಹೂವಿನ್ಯಾಗಿನ..."

"ಸೋಡಾ" ಎಂದಳು ಅವಳು, ಬಳೆ ತೆಗೆದಿಡುತ್ತ. "ಸೆರಗು ಕೆಂಪಾದಾಗ ನೀವ ಹೇಳಿದ್ರಲ್ಲ. ಗೌರಮ್ಮನ ಕೆಳಗ ಎಲಿ ಇಡೂದು ಪದ್ಧತಿ. ಎಲಿ ಇಟ್ಟರ ಅರಿಷಿಣಕ್ಕ ಹೂವು ಹತ್ತೂದಿಲ್ಲ. ಅದಕ್ಕ ಎಲಿ ಇಡಲಾರದ ಹಂಗ ಇಟ್ಟೆ." ಸ್ವಲ್ಪ ತಡೆದು ಅಂದಳು: "ಸೆರಗು ಒಂದ ಕೆಂಪಿದ್ರ ಅದು ಬರೇ ಕಲಿ. ಗೌರಮ್ಮನೂ ಕೆಂಪಾದರ ಯಾರು ಕಲಿ ಅಂತಾರ? ಅತ್ತಿಯವರೂ ನಿನ್ನೆಯಿಂದ ಊಟಾ ಮಾಡಿದ್ದಿಲ್ಲ ಸರಿಯಾಗಿ. ಮತ್ತ ನಾ ಏನೂ ಹೇಳಿಲ್ಲ, ಯಾರೂ ಕೇಳಲಿಲ್ಲ."

ಕ್ಷಾರ, ಆಮ್ಲ, ಸೂಚಕ ಎಂದೆಲ್ಲ ಮೂವತ್ತು ವರ್ಷ ತಿಳಿದುಕೊಂಡು ನಾನು ಒಂದು ಸೀರೆ ಕೆಡಿಸಿದ್ದೆ. ಅವಳು ಅದನ್ನು ಒಂದು ಸಲ ಕೇಳಿಸಿಕೊಂಡು ಸೀರೆಯನ್ನೂ ಅತ್ತೆಯನ್ನೂ ಉಳಿಸಿಕೊಂಡಿದ್ದಳು. ನನ್ನ ವಿವರಣೆಯನ್ನು ಈ ಮನೆಯಲ್ಲಿ ಯಾರೋ ಪೂರ್ತಿ ಕೇಳಿದ್ದು ಅದೇ ಮೊದಲು ಎಂಬುದೂ ಆಗ ಗಮನಕ್ಕೆ ಬಂತು. ಕೊನೆಗೆ, "ತಪ್ಪಾತು" ಎಂದೆ, ಒಂಬತ್ತು ವರ್ಷದ್ದೂ ಸೇರಿಸಿ.

ಆಗಲೇ ಬಾಗಿಲು ಬಡಿದ ಸದ್ದಾಯಿತು. ಪದ್ಮಕ್ಕ ಪ್ರಸಾದದ ಪುಡಿ ಹಿಡಿದುಕೊಂಡು ಬಂದಿದ್ದರು, ಅವರ ಹಿಂದೆ ಇನ್ನೂ ಮೂವರು. ಅವರು ನೇರವಾಗಿ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: ಅಣ್ಣಾ, ನೀವು ಓದಿದವರು, ಇಂಥವನ್ನೆಲ್ಲ ಪರೀಕ್ಷೆ ಮಾಡುವವರು, ನೀವೇ ಹೇಳಿ, ಅದು ಹೇಗಾಯಿತು? ನಾಲ್ಕು ಜನ ನನ್ನ ಬಾಯಿ ನೋಡುತ್ತ ನಿಂತರು. ನನ್ನ ವಿದ್ಯೆಯ ಬಗ್ಗೆ ನನ್ನ ಮನೆಯ ಬಾಗಿಲಲ್ಲಿ ನಿಂತು ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ಅರಿಶಿನ ಇದೆಯಲ್ಲ" ಎಂದು ಆರಂಭಿಸಿದೆ.

ಗಿರಿಜಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಒಂದು ವೀಳ್ಯದೆಲೆ ಇತ್ತು, ಗೌರಮ್ಮನ ಕೆಳಗೆ ಇಡಬೇಕೆಂದು ತಂದು ಇಡದೆ ಉಳಿಸಿದ ಎಲೆ. ಅದಕ್ಕೆ ಸುಣ್ಣ ಸವರಿ, ಅಡಿಕೆ ಧಾರಾಳವಾಗಿ ಹಾಕಿ ಮಡಿಚಿದ್ದಳು. "ಹಬ್ಬದ ದಿನ, ಮೊದಲ ಎಲಿ ತಗೋರಿ" ಎಂದು ಎಲ್ಲರೆದುರು ನನ್ನ ಬಾಯಿಗೇ ಇಟ್ಟಳು. ಬಾಯಿ ತುಂಬಿತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಮಾತಾಡುವಂತಂತೂ ಇಲ್ಲ. ಪದ್ಮಕ್ಕ ಇನ್ನೂ ಕಾಯುತ್ತಿದ್ದರು. ನಾನು ಜೇಬಿನಿಂದ ನೇರಳೆ ಕೈ ಹೊರತೆಗೆದು, ಒಂದು ಬೆರಳನ್ನು ಆಕಾಶದ ಕಡೆ ಎತ್ತಿ ತೋರಿಸಿದೆ.

"ಅದೇ ನಾನೂ ಹೇಳಿದ್ದು" ಎಂದರು ಪದ್ಮಕ್ಕ ತಮ್ಮ ಭಾಷೆಯಲ್ಲಿ, ಹಿಂದಿನವರ ಕಡೆ ತಿರುಗಿ. ಅವರೆಲ್ಲ ಸಂತೋಷದಿಂದ ಹೋದರು. ನಾನು ಕನ್ನಡಿಯ ಮುಂದೆ ನಿಂತು ನಾಲಿಗೆ ನೋಡಿಕೊಂಡೆ. ಅದು ಕೆಂಪಾಗಿತ್ತು. ಕಾರಣ ನನಗೆ ಗೊತ್ತಿತ್ತು, ಆದರೆ ನನ್ನ ಸೇವಾವಧಿಯಲ್ಲಿ ಸಹಿ ಮಾಡದೆ ಬಿಟ್ಟ ವರದಿ ಅದೊಂದೇ.